ಬಂತಾ? ಹೋತು!

ಹಟ್ಟಿ ಕ್ಯಾಂಪಿನಲ್ಲಿ ಮಂಗಳವಾರ ರಾತ್ರಿ
ಮೂರನೇ ಪಾಳಿಯ ಭೋಂಗಾಕ್ಕೆ ಇನ್ನೂ ಹೊತ್ತಿರುವಾಗಲೇ
ಖಾಸೀಂಸಾಬರ ಪಡಸಾಲೆ ತುಂಬುತ್ತಿತ್ತು.
ಟೀವಿಯ ಮರದ ಬಾಗಿಲು ಸರಿಸಿದರೆ
ಒಳಗೊಬ್ಬ ಓಡುತ್ತಿದ್ದ.

ಮಾಡದ ಕೊಲೆ ಅವನ ಬೆನ್ನಿಗಿತ್ತು.
ವಾರಕ್ಕೊಂದು ಊರು, ಊರಿಗೊಂದು ಹೆಸರು;
ಲಾರಿ ತೊಳೆದ, ಇಟ್ಟಿಗೆ ಹೊತ್ತ,
ಯಾರದೋ ಮಗುವಿಗೆ ಲೆಕ್ಕ ಹೇಳಿಕೊಟ್ಟ,
ಇನ್ನೇನು ತಾಟಿನ ಮುಂದೆ ಕೂತ ಅನ್ನುವಾಗ
ಜೀಪಿನ ಸದ್ದು.

ಇದೆಲ್ಲ ನಾನು ಕೇಳಿದ್ದು. ನೋಡಲಿಲ್ಲ.
ನನ್ನ ಜಾಗ ಮಾಳಿಗೆ ಮೇಲೆ,
ಆಂಟೆನಾದ ಕೊಳವೆ ಅಪ್ಪಿಕೊಂಡು.
ಗಾಳಿ ಬೀಸಿದರೆ ಆ ಮನುಷ್ಯನಿಗೆ ಇರುವೆ ಮುತ್ತಿದಂತಾಗುತ್ತಿತ್ತಂತೆ,
ನಾನು ತಿರುವಬೇಕು, ಕೂಗಬೇಕು—
ಬಂತಾ?
ಹೋತು!
ಈಗ?
ಬಂತು ಬಂತು... ಹೋತಲೇ, ಕೈ ಬಿಡಬ್ಯಾಡ!

ಹುಲಿಗೆಮ್ಮಜ್ಜಿಗೆ ಹಿಂದಿ ಬರುತ್ತಿರಲಿಲ್ಲ.
ಆದರೂ ಮೊದಲ ವಾರವೇ ತೀರ್ಪು ಕೊಟ್ಟಿದ್ದಳು:
"ಇವ ಕೊಂದಿಲ್ಲ. ಕೊಂದವ ಹಿಂಗ ಉಣ್ಣಂಗಿಲ್ಲ.
ರೊಟ್ಟಿ ಮುರಿಯೂ ಮುಂದ
ಎದುರಿನವರ ತಾಟು ನೋಡ್ತಾನ, ನೋಡ್ರಿ."
ಯಾರೂ ನಗಲಿಲ್ಲ.
ಅವಳ ಕಿರಿಮಗ ಯಂಕೋಬನನ್ನು ಎಲ್ಲರೂ ಬಲ್ಲರು,

ಗಿರಣಿಯಲ್ಲಿ ತೂಕ ಬರೆಯುವ ಮೇಜಿಗೆ ಚಹಾ ಒಯ್ಯುತ್ತಿದ್ದವನು.
ಒಂದು ಸಂಜೆ ಲೆಡ್ಜರಿನಲ್ಲಿ ನಲವತ್ತು ಗ್ರಾಂ ಬಂಗಾರ ಕಡಿಮೆ ಬಿತ್ತು.
ಕಿಟ್ಲಿಯ ತಳ ಬಡಿದು ನೋಡಿದರು, ಚಪ್ಪಲಿಯ ಅಟ್ಟೆ ಕೊಯ್ದರು,
ಏನೂ ಸಿಗಲಿಲ್ಲ. ಅದೇ ದೊಡ್ಡ ಸಾಕ್ಷಿಯಾಯಿತು.
ನಾಳೆ ಠಾಣೆಗೆ ಬಾ ಅಂದ ರಾತ್ರಿ
ಗಣಿಯ ಬಿಳಿ ಮಣ್ಣಿನ ದಿಬ್ಬ ಹತ್ತಿ ಇಳಿದನಂತೆ.
ಅಷ್ಟೇ.
ಗುಂತಕಲ್ಲಿನಲ್ಲಿ ಕಂಡರು, ಸೊಲ್ಲಾಪುರದಲ್ಲಿ ಚಾದರ ಮಡಚುತ್ತಿದ್ದ,
ಇಲ್ಲ, ಸತ್ತ—
ಪ್ರತಿ ಸುದ್ದಿಗೂ ಅಜ್ಜಿಯದು ಒಂದೇ ಪ್ರಶ್ನೆ:
"ಉಂಡಿದ್ದನೇನು?"

ಆ ಮಂಗಳವಾರ ಗಾಳಿಯೇ ಇರಲಿಲ್ಲ.
ಹಿತ್ತಲ ಕಿಟಕಿಯ ಹೊರಗೆ, ಬೇವಿನ ನೆರಳಲ್ಲಿ
ಕಂಬಳಿ ಹೊದ್ದವನೊಬ್ಬ ನಿಂತಿದ್ದ.
ಟೀವಿಯ ಬೆಳಕು ಅವನ ಮುಖದ ಮೇಲೆ ಹತ್ತಿ ಇಳಿಯಿತು.
ಮೂಗು ನಮ್ಮ ಮನೆಯದು.

ಇಳಿದು ಓಡಿದರೆ ಕೊಳವೆ ತಿರುಗುತ್ತದೆ,
ಚಿತ್ರ ಹೋಗುತ್ತದೆ, ಜನ ಹೊರಗೆ ಬರುತ್ತಾರೆ.
ಕೂಗಿದರೂ ಅಷ್ಟೇ.
ತುಕ್ಕು ಕಬ್ಬಿಣಕ್ಕೆ ಗಲ್ಲ ಒತ್ತಿ ಉಸಿರು ಹಿಡಿದೆ.
ನೋಡಲಿ. ಇದೊಂದು ವಾರ ಪೂರ್ತಿ ನೋಡಲಿ.
ಒಳಗಿನಿಂದ ಅಜ್ಜಿಯ ದನಿ:
"ಉಣ್ಣೋ ಯಪ್ಪಾ, ಲಗೂನ ಉಣ್ಣು, ಬಂದಾರು."
ಕಿಟಕಿಯ ಹೊರಗೆ ಅವನ ಕೈ
ಬಾಯಿಯ ತನಕ ಹೋಗಿ
ಅಲ್ಲೇ ನಿಂತಿತು.

ಭೋಂಗಾ ಕೂಗಿತು. ಬೆಚ್ಚಿ ನನ್ನ ಕೈ ಜಾರಿತು.
ಬೇವಿನ ಕೆಳಗೆ ಬೇವಿನ ನೆರಳಷ್ಟೇ.
"ಲೇ ಅಮರ್ಯಾ, ಏನ್ ಮಾಡಿದ್ಯೋ, ಹೋತು!"
ಹೌದು, ಹೋತು ಅಂದೆ.

ಒಂಬತ್ತು ವರ್ಷದ ಮೇಲೆ ತಕ್ಕಡಿ ರಿಪೇರಿಗೆ ಬಂದವನು
ಇದರ ಮುಳ್ಳೇ ಓರೆ, ಹಳೇ ಕಾಯಿಲೆ ಅಂದ.
ಸಾಹೇಬರು ಕಾಗದ ಬರೆದರು, ಅರ್ಧ ಪುಟ.
ಮಾಮ ಬಂದ.
ಅಜ್ಜಿ ಅಷ್ಟೊತ್ತಿಗೆ ಇರಲಿಲ್ಲ.

ಈಗಲೂ ಬಾಗಿಲ ಹತ್ತಿರವೇ ಉಣ್ಣಲು ಕೂರುತ್ತಾನೆ,
ಒಂದು ಕಾಲು ಚಪ್ಪಲಿಯಲ್ಲಿ.
ಬೈಕು ಹಾದರೆ ತುತ್ತು ನಿಲ್ಲುತ್ತದೆ.
ಮೊನ್ನೆ ಶೇಂಗಾ ಹಿಂಡಿ ಬಡಿಸುವಾಗ ಕೇಳಿದ, ಗೋಡೆ ನೋಡುತ್ತ:
"ಆ ಟೀವಿಯವ... ಕಡೀಕ ಏನಾತೋ ಅವಂಗ?"

ನಾನು ಮಾಳಿಗೆ ಮೇಲಿದ್ದೆ, ಮಾಮ.
ಕಡೆಯ ವಾರ ಗಾಳಿ ಬಹಳ ಇತ್ತು.
ಕೆಳಗಿನವರು ಬಂತು ಅಂದರು, ಹೋತು ಅಂದರು,
ಮತ್ತೆ ಬಂತು ಅಂದರು,
ಆಮೇಲೆ ಯಾರೂ ಏನೂ ಅನ್ನಲಿಲ್ಲ.